ಮನೆಯ ಶೌಚಾಲಯವೂ ನೀರಿನ ಲೆಕ್ಕವೂ

ಶೌಚಾಲಯದ ಮಾತನ್ನು ನಾಲ್ವರ ಮುಂದೆ ಆಡುವುದು ಸಭ್ಯತೆಯಲ್ಲವೆಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಆದರೆ ಮನೆಯಲ್ಲಿ ಹೆಚ್ಚು ನೀರು ವ್ಯಯವಾಗುವ ಸ್ಥಳಗಳಲ್ಲಿ ಅದೂ ಒಂದಾಗಿರುವುದರಿಂದ, ಸಂಕೋಚವನ್ನು ಬದಿಗಿಟ್ಟು ವಿಚಾರಿಸುವುದೇ ಲೇಸು. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಬ್ಬರಿಗೆ ದಿನಕ್ಕೆ 45 ಲೀಟರ್ ನೀರನ್ನು ಫ್ಲಶ್‌ಗೆಂದೇ ಲೆಕ್ಕ ಹಿಡಿದಿದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ಕಾಯಬೇಕಾಗಿ ಬಂದಾಗ ಈ ಲೆಕ್ಕದ ಭಾರವು ಅನೇಕ ಗೃಹಸ್ಥರ ಅರಿವಿಗೆ ಬಂದಿತು. ಅಲ್ಪ ನೀರಿನ ಕಮೋಡು, ಎರಡು ಗುಂಡಿಗಳ ಫ್ಲಶ್ ಇವು ನಿಜವಾಗಿ ಕೆಲಸ ಮಾಡುತ್ತವೆಯೇ ಎಂಬುದು ಮನೆ ಕಟ್ಟಿಸುವವರ ಸಹಜವಾದ ಪ್ರಶ್ನೆ.

ಇದಕ್ಕೆ ಉತ್ತರವು ಅನ್ಯದೇಶಗಳ ಅನುಭವದಲ್ಲಿದೆ. ನೀರಿನ ಅಭಾವವನ್ನು ಬಲ್ಲ ಆಸ್ಟ್ರೇಲಿಯಾದಲ್ಲಿ 1980ರ ಸುಮಾರಿಗೆ ಎರಡು ಗುಂಡಿಗಳ ಫ್ಲಶ್ ರೂಪುಗೊಂಡಿತು. ಆಗ ದೊಡ್ಡ ಗುಂಡಿಗೆ 11 ಲೀಟರ್, ಚಿಕ್ಕದಕ್ಕೆ 5.5 ಲೀಟರ್. ಮುಂದೆ ಅದನ್ನು 6 ಮತ್ತು 3 ಲೀಟರಿಗೆ ಇಳಿಸುವಾಗ ಅವರು ಕಮೋಡಿನ ಆಕಾರವನ್ನೇ ಹೊಸದಾಗಿ ರೂಪಿಸಬೇಕಾಯಿತು. ಅಮೆರಿಕದಲ್ಲಿ 1992ರ ಕಾನೂನಿನಂತೆ 1994ರಿಂದ ಮನೆಗಳಿಗೆಂದು ತಯಾರಾಗುವ ಕಮೋಡುಗಳು ಒಂದು ಫ್ಲಶ್‌ಗೆ 6 ಲೀಟರನ್ನು ಮೀರಕೂಡದೆಂದಾಯಿತು. ಕೆಲವು ತಯಾರಕರು ಕಮೋಡನ್ನು ಮೊದಲಿನಂತೆಯೇ ಇಟ್ಟು ನೀರನ್ನಷ್ಟೇ ಕಡಿಮೆ ಮಾಡಿದರು. ಅವು ಕಟ್ಟಿಕೊಂಡವು, ಜನರು ಎರಡೆರಡು ಬಾರಿ ಫ್ಲಶ್ ಮಾಡಿ ಬೇಸತ್ತರು. 2003ರಲ್ಲಿ ತಜ್ಞರು ಸೋಯಾ ಕಾಳಿನ ಮುದ್ದೆಯನ್ನು ಹಾಕಿ, ಒಂದೇ ಫ್ಲಶ್‌ನಲ್ಲಿ ಎಷ್ಟು ಗ್ರಾಂ ಸಾಗುತ್ತದೆಂದು ಅಳೆಯುವ ಪರೀಕ್ಷೆಯನ್ನು ಆರಂಭಿಸಿದ ಮೇಲೆ ಗುಣಮಟ್ಟವು ಬಹಳವಾಗಿ ಸುಧಾರಿಸಿತು. ಇಂದು ಆ ದೇಶದಲ್ಲಿ ಜಲಮಿತವ್ಯಯದ ಮುದ್ರೆ ಪಡೆಯಬೇಕಾದ ಕಮೋಡು 4.8 ಲೀಟರ್ ನೀರಿನಲ್ಲಿ 350 ಗ್ರಾಂ ಮುದ್ದೆಯನ್ನು ಸಾಗಿಸಲೇಬೇಕು. ನೀರು ಕಡಿಮೆಯಾದುದು ದೋಷವಲ್ಲ, ಕಮೋಡು ಅದಕ್ಕೆ ಹೊಂದದಿರುವುದೇ ದೋಷವೆಂಬುದು ಇದರಿಂದ ಸ್ಪಷ್ಟ. ಆದುದರಿಂದ ಹಳೆಯ ಕಮೋಡಿಗೆ ಹೊಸ ಚಿಕ್ಕ ಟ್ಯಾಂಕನ್ನು ಜೋಡಿಸುವುದು ತರವಲ್ಲ. ಕಮೋಡು ಮತ್ತು ಟ್ಯಾಂಕು ಒಂದಕ್ಕೊಂದು ಹೊಂದುವ ಜೋಡಿಯಾಗಿರಬೇಕು.

ಈಗ ಲೆಕ್ಕ ನೋಡೋಣ. ನಾಲ್ವರಿರುವ ಮನೆಯಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಐದು ಬಾರಿ ಫ್ಲಶ್ ಮಾಡುವರೆಂದಿಟ್ಟುಕೊಳ್ಳೋಣ. 10 ಲೀಟರಿನ ಹಳೆಯ ಟ್ಯಾಂಕಿನಲ್ಲಿ 200 ಲೀಟರ್ ವ್ಯಯವಾಗುತ್ತದೆ. ಎರಡು ಗುಂಡಿಗಳದ್ದಾದರೆ ಒಬ್ಬರಿಗೆ ದೊಡ್ಡದು ಒಮ್ಮೆ, ಚಿಕ್ಕದು ನಾಲ್ಕು ಬಾರಿ, ಒಟ್ಟು 18 ಲೀಟರ್, ಮನೆಗೆ 72. ಉಳಿತಾಯ 128 ಲೀಟರ್. ಆದರೆ ಟ್ಯಾಂಕಿನ ತಳದ ರಬ್ಬರ್ ಸೀಲು ಸವೆದು ಹತ್ತು ನಿಮಿಷಕ್ಕೆ ಒಂದೇ ಲೀಟರ್ ಸೋರಿದರೂ ದಿನಕ್ಕೆ 144 ಲೀಟರ್ ಹರಿದುಹೋಗುತ್ತದೆ! ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಬ್ರಿಟನ್ನಿನಲ್ಲಿ 2020ರಲ್ಲಿ ಲಂಡನ್ನಿನ ಜಲಸಂಸ್ಥೆಯು, ಎರಡು ಗುಂಡಿಗಳ ಫ್ಲಶ್‌ಗಳು ಈ ಸೋರಿಕೆಯಿಂದಲೇ ನೀರನ್ನು ವ್ಯರ್ಥ ಮಾಡುತ್ತಿವೆಯೆಂದು ಎಚ್ಚರಿಸಿತು.

ಸೋರಿಕೆಯು ಸದ್ದಿಲ್ಲದ್ದು, ಕಣ್ಣಿಗೆ ಬೀಳುವುದೂ ಅಪರೂಪ. ಅದನ್ನು ತಿಳಿಯುವ ಉಪಾಯವು ಸುಲಭ. ತಿಂಗಳಿಗೊಮ್ಮೆ ಟ್ಯಾಂಕಿನ ನೀರಿಗೆ ಅಡುಗೆಯ ಬಣ್ಣವನ್ನೋ ಬಟ್ಟೆಗೆ ಹಾಕುವ ನೀಲಿಯನ್ನೋ ತುಸು ಬೆರೆಸಿ, ಕಾಲು ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನೊಳಗೆ ಬಣ್ಣ ಕಂಡರೆ ಪ್ಲಂಬರನ್ನು ಕರೆಸಿ ಸೀಲನ್ನು ಬದಲಾಯಿಸಿರಿ. ಯಾವ ಗುಂಡಿ ಯಾವುದಕ್ಕೆಂಬುದನ್ನು ಮಕ್ಕಳಿಗೂ ಹಿರಿಯರಿಗೂ ಮನೆಗೆ ಬಂದ ನೆಂಟರಿಗೂ ತಿಳಿಸಿರಿ. ಕೊಳ್ಳುವಾಗ ಅಂದವನ್ನಷ್ಟೇ ನೋಡದೆ, ಬದಲಿ ಭಾಗಗಳು ನಿಮ್ಮ ಊರಿನಲ್ಲಿ ದೊರೆಯುವವೇ ಎಂದು ವಿಚಾರಿಸಿರಿ.

ಯಂತ್ರವು ಮಿತವ್ಯಯಕ್ಕೆ ನೆರವಾಗುತ್ತದೆ. ಮಿತವ್ಯಯವನ್ನು ಪಾಲಿಸಬೇಕಾದವರು ಮನೆಯವರೇ. ನೀರಿಗಾಗಿ ಕೊಡ ಹಿಡಿದು ಸಾಲಿನಲ್ಲಿ ನಿಂತವರನ್ನು ನೆನೆದರೆ, ತಿಂಗಳಿಗೆ ಕಾಲು ಗಂಟೆಯ ಈ ಎಚ್ಚರಿಕೆಯು ದೊಡ್ಡ ಶ್ರಮವೆನಿಸದು.