‘ಇಕಾನ್’ಗೆ ಅನುವಾದ ಏಕೆ?
ಮಲಯ್ ಭಾಷೆಯಲ್ಲಿ ಮೀನಿಗೆ ‘ಇಕಾನ್’ ಎನ್ನುತ್ತಾರೆ. ‘ಇಕಾನ್ ಬಕಾರ್’ ಎಂದರೆ ಸುಟ್ಟ ಮೀನು, ‘ಇಕಾನ್ ಗೋರೆಂಗ್’ ಕರಿದ ಮೀನು, ‘ಇಕಾನ್ ಮಾಸಿನ್’ ಉಪ್ಪುಮೀನು. ಮೊದಲು ಮೀನು, ಆಮೇಲೆ ಅದನ್ನೇನು ಮಾಡಿದರು ಎಂಬುದು. ಹೆಸರೇ ಅರ್ಧ ಅಡುಗೆ ಹೇಳಿಕೊಡುತ್ತದೆ.

ಇದನ್ನು ಕೆಲವು ಮೆನುಗಳು ‘ಇಕಾನ್ ಫಿಶ್’ ಎಂದು ಬರೆದಾಗ ನನಗೆ ರೇಗುತ್ತದೆ. ಅದು ‘ಮೀನು ಮೀನು’ ಎಂದಂತಾಯಿತು. ಬರಿಯ ‘ಗ್ರಿಲ್ಡ್ ಫಿಶ್’ ಇನ್ನೂ ಕೆಟ್ಟದ್ದು: ಬಾಳೆಲೆ, ಸಂಬಾಲ್, ಕೆಂಡ ಎಲ್ಲವೂ ಮಾಯ.

ಗಿರಾಕಿಗೆ ಅರ್ಥವಾಗಬೇಕಲ್ಲ ಎನ್ನುತ್ತಾರೆ. ಹಾಗಾದರೆ ಜಪಾನಿನ ಸುಶಿ, ಇಟಲಿಯ ಪಿಜ್ಜಾ ಹೆಸರು ಕಳೆದುಕೊಳ್ಳದೆ ಲೋಕ ಸುತ್ತಿದ್ದು ಹೇಗೆ? ತಿನ್ನುವವರು ಕಲಿತರು, ಅಷ್ಟೆ. ವಿವರಣೆ ಬೇಕಾದರೆ ಕೆಳಗೆ ಬರೆಯಿರಿ, ಹೆಸರನ್ನು ಮುಟ್ಟಬೇಡಿ. ಮಲಯ್‌ನಲ್ಲಿ ತಿಮಿಂಗಿಲವೂ ‘ಇಕಾನ್ ಪೌಸ್’. ಅಷ್ಟು ದೊಡ್ಡದನ್ನು ಹೊತ್ತ ಪದಕ್ಕೆ ಮೆನುವಿನಲ್ಲಿ ಒಂದು ಸಾಲು ಭಾರವೇ?