ಹೊಳೆಯುವ ಹಲ್ಲು, ನೋಯುವ ತುತ್ತು

ಮದುವೆ ನಿಶ್ಚಯವಾದ ಮನೆಗಳಲ್ಲಿ ಈಗ ಬಟ್ಟೆ, ಒಡವೆಗಳ ಪಟ್ಟಿಯ ಜೊತೆಗೆ ಹಲ್ಲಿನ ಚಿಕಿತ್ಸೆಯೂ ಸೇರತೊಡಗಿದೆ. ನಿಕಾಹ್‌ಗೆ ವಾರವಿರುವಾಗ ಹಲ್ಲು ಬಿಳುಪುಗೊಳಿಸಿಕೊಂಡ ವಧು, ವಲೀಮಾದ ದಿನ ತಣ್ಣೀರಿನ ಗುಟುಕಿಗೂ ಮುಖ ಕಿವುಚುತ್ತಾಳೆ. ಮುಗುಳ್ನಗೆ ಚಿತ್ರದಲ್ಲಿ ಉಳಿಯುತ್ತದೆ, ಊಟ ತಟ್ಟೆಯಲ್ಲಿ ಉಳಿಯುತ್ತದೆ. ಈ ಕುರಿತು ನಾವು ಸ್ವಲ್ಪ ಚಿಂತಿಸಬೇಕಾಗಿದೆ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದು ಕೇವಲ ಶೋಕಿಯ ವಿಷಯವಲ್ಲ. ಹನುಮನಹಳ್ಳಿ, ಆನೆಗೊಂದಿಗಳ ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಆದರೆ ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಒಣ ಹಳ್ಳಿಗಳು ದಶಕಗಳ ಕಾಲ ಕುಡಿದದ್ದು ಕೊಳವೆ ಬಾವಿಯ ಫ್ಲೋರೈಡ್‌ಯುಕ್ತ ನೀರನ್ನು. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನದಂಡ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಈ ಮಿತಿ ಮೀರಿದರೆ ಎನಾಮಲ್ ಪದರ ಕೆಡುತ್ತದೆ, ಕಂದು ಕಲೆಗಳು ಶಾಶ್ವತವಾಗಿ ಉಳಿಯುತ್ತವೆ. ಅದು ಆ ಮಗುವಿನ ಕೊಳಕುತನವಲ್ಲ, ಕುಡಿದ ನೀರಿನ ಗುರುತು. ಹೀಗಿದ್ದೂ ಹೆಣ್ಣು ನೋಡಲು ಬಂದವರು ಆ ಹಲ್ಲುಗಳನ್ನು ಕಂಡು ಪಿಸುಗುಟ್ಟುವುದುಂಟು. ಪರರನ್ನು ಅಪಹಾಸ್ಯ ಮಾಡುವುದನ್ನು ಪವಿತ್ರ ಕುರ್‌ಆನ್ ನಿಷೇಧಿಸಿರುವಾಗ ಇದು ನಮಗೆ ಭೂಷಣವೇ?

ಹಾಗಾದರೆ ಚಿಕಿತ್ಸೆ ಪಡೆಯಬಹುದೇ? ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಅಂತರ ಕೊರೆಸಿಕೊಂಡು ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದನ್ನು ಹದೀಸ್‌ಗಳು ಕಠಿಣವಾಗಿ ಖಂಡಿಸಿವೆ. ಇನ್ನೊಂದೆಡೆ, ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜ(ರ)ರಿಗೆ ಚಿನ್ನದ ಮೂಗನ್ನು ಅಳವಡಿಸಿಕೊಳ್ಳಲು ಪ್ರವಾದಿ(ಸ)ರು ಅನುಮತಿ ನೀಡಿದ ವರದಿ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಇದರಿಂದ ವಿದ್ವಾಂಸರು ಕೊರತೆಯನ್ನು ನೀಗಿಸುವುದು ಬೇರೆ, ಬರೀ ಆಡಂಬರ ಬೇರೆ ಎಂದು ವಿಂಗಡಿಸಿದ್ದಾರೆ. ನೋವುಂಟುಮಾಡುವ ಕಲೆಯನ್ನು ಮರೆಮಾಡುವುದು ಒಂದು, ಆರೋಗ್ಯವಂತ ಹಲ್ಲನ್ನು ನಟನಟಿಯರಂತೆ ಕಾಣಲು ಉಜ್ಜಿಸುವುದು ಇನ್ನೊಂದು ಎಂದೇ ನಾವು ಭಾವಿಸುತ್ತೇವೆ.

ನಿರ್ಧರಿಸುವ ಮುನ್ನ ಫಲವನ್ನೂ ತಿಳಿದಿರಬೇಕು. ಬಿಳುಪುಗೊಳಿಸುವ ಔಷಧಿಯಿಂದ ಬರುವ ಜುಮ್ಮೆನ್ನುವಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಶಮನವಾಗುತ್ತದೆ. ಆದರೆ ವೆನೀರ್ ಅಂಟಿಸಲು ತೆಗೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಎನಾಮಲ್ ತೆಳುವಾದಾಗ ಅದರ ಕೆಳಗಿನ ಪದರದ ಸೂಕ್ಷ್ಮ ನಾಳಗಳ ಮೂಲಕ ಬಿಸಿ, ತಂಪು, ಹುಳಿಗಳು ನರವನ್ನು ಕೆಣಕುತ್ತವೆ. ನೋವು ವಾರಗಟ್ಟಲೆ ಮುಂದುವರಿದರೆ ಅಥವಾ ತಾನಾಗಿಯೇ ಮಿಡಿದರೆ ತಡಮಾಡದೆ ದಂತವೈದ್ಯರ ಬಳಿಗೆ ಹೋಗಬೇಕು.

ಅಲ್ಲಿಯವರೆಗೆ ಅಡುಗೆಮನೆಯೇ ಮೊದಲ ಆಸರೆ. ಕಡಕ್ ರೊಟ್ಟಿಯ ಬದಲು ಬೆಂಕಿಯಿಂದಿಳಿಸಿದ ಮೆತ್ತನೆಯ ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಉಗುರುಬೆಚ್ಚಗಾದ ಮೇಲೆ ತಿನ್ನಬಹುದು. ಜೋಳದ ನುಚ್ಚು ಮತ್ತು ಹಾಲು, ಖಿಚಡಿ, ಮೊಟ್ಟೆ, ಚೆನ್ನಾಗಿ ಬೆಂದ ಮಾಂಸ, ಹುಳಿಯಿಲ್ಲದ ತಾಜಾ ಮೊಸರು, ಬಾಳೆಹಣ್ಣು ಹಲ್ಲಿಗೆ ಹಿತ, ದೇಹಕ್ಕೂ ಬಲ. ನಮ್ಮೆಲ್ಲರ ಪ್ರೀತಿಯ ಪುಂಡಿ ಪಲ್ಯ, ಹುಣಸೆ ಸಾರು, ನಿಂಬೆ ಉಪ್ಪಿನಕಾಯಿ, ಬಾಟಲಿಯ ಸೋಡಾಗಳನ್ನು ಕೆಲಕಾಲ ದೂರವಿಡಬೇಕು. ಹುಳಿ ತಿಂದ ತಕ್ಷಣ ಹಲ್ಲುಜ್ಜದೆ, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕಾಯಬೇಕು. ಬಿಳುಪುಗೊಳಿಸಿಕೊಂಡವರು ಮೊದಲ ಎರಡು ದಿನ ಚಹಾ ಮತ್ತು ಅರಿಶಿನದ ಗಾಢ ಸಾರನ್ನು ಬಿಟ್ಟರೆ ಬಣ್ಣ ಹಿಡಿಯುವುದಿಲ್ಲ. ಆಹಾರವನ್ನು ಎಂದೂ ನಿಂದಿಸದೆ, ಇಷ್ಟವಾದರೆ ತಿಂದು ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದ ಪ್ರವಾದಿ(ಸ)ರ ಮಾದರಿ ಇಲ್ಲಿಯೂ ನೆನಪಿರಲಿ. ತಿನ್ನಲಾಗದ ಸೊಸೆಯ ಮುಂದೆ "ನಮ್ಮ ಅಡುಗೆ ಹಿಡಿಸಲಿಲ್ಲವೇ?" ಎಂದು ಚುಚ್ಚದಿರುವುದೂ ಸತ್ಕಾರವೇ.

ರಮಝಾನ್‌ನಲ್ಲಿ ಇಫ್ತಾರ್‌ಗೆ ಮಂಜುಗಡ್ಡೆಯ ಶರಬತ್ತಿನ ಬದಲು ಸಾಧಾರಣ ನೀರು ಮತ್ತು ಮೃದುವಾದ ಖರ್ಜೂರ ಸಾಕು. ಒಣ ಖರ್ಜೂರವಾದರೆ ಮೊದಲೇ ನೆನೆಸಿಡಬಹುದು. ಜುಮ್ಮೆನ್ನುವ ಹಲ್ಲಿಗೆಂದೇ ಇರುವ ಪೇಸ್ಟನ್ನು ರಾತ್ರಿ ಮಲಗುವಾಗ ಮತ್ತು ಸಹರಿಯ ಸಮಯ ಮುಗಿಯುವ ಮುನ್ನ ಬಳಸಬೇಕು. ಅದರ ಗುಣ ಕಾಣಲು ಕೆಲವು ವಾರಗಳು ಬೇಕಾಗುತ್ತವೆ. ಮಿಸ್ವಾಕ್ ಸುನ್ನತ್ತನ್ನು ಬಿಡಬೇಕಿಲ್ಲ, ತುದಿಯನ್ನು ನೆನೆಸಿ ಮೆತ್ತಗೆ ಮಾಡಿ ಹಗುರವಾಗಿ ಉಜ್ಜಿದರಾಯಿತು.

ಕೊನೆಗೂ ಪ್ರಶ್ನೆ ನೀರಿನದ್ದೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಆದ್ದರಿಂದ ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದ್ದರೆ ಗ್ರಾಮ ಪಂಚಾಯಿತಿಯ ಬಾಗಿಲು ತಟ್ಟುವುದು ಮಸೀದಿಯ ಜಮಾಅತ್‌ನ ಕೆಲಸವೂ ಹೌದು. ಆ ಘಟಕದ ನೀರನ್ನು ಹಿಂದೂ, ಮುಸ್ಲಿಮ್ ಎಲ್ಲ ಮಕ್ಕಳೂ ಕುಡಿಯುತ್ತಾರೆ. ಒಬ್ಬ ವಧುವಿನ ಹಲ್ಲಿಗೆ ಸಾವಿರಾರು ರೂಪಾಯಿ ಸುರಿಯುವ ನಾವು, ಅವಳ ನಾಳಿನ ಮಗುವಿನ ಲೋಟಕ್ಕೆ ಒಳ್ಳೆಯ ನೀರು ತುಂಬುವುದನ್ನು ಮರೆಯಬಾರದು. ಹಲಾಲ್ ಮತ್ತು ಶುದ್ಧವಾದುದನ್ನೇ ಉಣ್ಣಿರಿ ಎಂಬ ಆಜ್ಞೆ ತಟ್ಟೆಗೆ ಮಾತ್ರವಲ್ಲ, ಕೊಡಕ್ಕೂ ಅನ್ವಯಿಸುತ್ತದೆ.

ಅಲ್ಲಾಹನು ನಮಗೆ ಆರೋಗ್ಯವನ್ನೂ, ಪರರ ನೋವನ್ನು ಅರಿಯುವ ಹೃದಯವನ್ನೂ ಕರುಣಿಸಲಿ. ಆಮೀನ್.