ಸಕ್ಕರೆ ಏರುವ ಭಯದಲ್ಲಿ ಇಳಿಯುವುದನ್ನು ಮರೆಯದಿರಿ

ಈ ದೃಶ್ಯವನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಬೆಳಗ್ಗೆ ಹನ್ನೊಂದು ಗಂಟೆ. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿದ್ದಾರೆ. ಅಡುಗೆ ಮನೆಯಲ್ಲಿ ಮೀನು ಶುಚಿ ಮಾಡುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ ಸೊಸೆಯ ಮೇಲೆ ರೇಗಾಡತೊಡಗುತ್ತಾರೆ. ಕೇಳಿದ್ದೊಂದಾದರೆ ಹೇಳುವುದು ಇನ್ನೊಂದು. ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ಸೊಸೆ ಮನಸ್ಸು ನೋಯಿಸಿಕೊಂಡು ತನ್ನ ಕೋಣೆ ಸೇರುತ್ತಾಳೆ. ಅರ್ಧ ಗಂಟೆ ಕಳೆದು ಹೊರಗೆ ಬಂದು ನೋಡಿದರೆ ಅತ್ತೆ ನೆಲದ ಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಾರೆ!

ಅತ್ತೆಗೆ ಬಂದದ್ದು ಸಿಟ್ಟಲ್ಲ. ಬೆಳಗ್ಗೆ ಏಳು ಗಂಟೆಗೆ ಅವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು. ಎಲ್ಲರಿಗೂ ಬಡಿಸಿದ ಮೇಲೆ ತಿನ್ನೋಣವೆಂದು ಕಾದರು. ಕೊನೆಗೆ ಅರ್ಧ ರೊಟ್ಟಿ ತಿಂದು ಕೆಲಸಕ್ಕೆ ಕುಳಿತರು. ಮಾತ್ರೆ ತನ್ನ ಕೆಲಸ ಮಾಡಿತು, ಹೊಟ್ಟೆಯಲ್ಲಿ ಮಾತ್ರ ಏನೂ ಇರಲಿಲ್ಲ. ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಿತು.

ಪ್ರಿಯ ಓದುಗರೇ, ಸಕ್ಕರೆ ಏರುವುದರ ಬಗ್ಗೆ ನಾವೆಲ್ಲ ಮಾತನಾಡುತ್ತೇವೆ. ಇಳಿಯುವುದರ ಬಗ್ಗೆ ಹೆಚ್ಚಿನ ಮನೆಗಳಲ್ಲಿ ಮಾತೇ ಇಲ್ಲ. ಏರಿದ ಸಕ್ಕರೆ ಸಾಮಾನ್ಯವಾಗಿ ವರ್ಷಗಳ ಕಾಲ ನಿಧಾನವಾಗಿ ಕೆಡಕು ಮಾಡುತ್ತದೆ. ಇಳಿದ ಸಕ್ಕರೆಯಾದರೋ ಗಂಟೆಯೊಳಗೆ ಪ್ರಾಣಕ್ಕೆ ಎರವಾಗಬಹುದು. ಸಮಾಧಾನದ ಸಂಗತಿಯೆಂದರೆ, ಸಮಯಕ್ಕೆ ಗುರುತಿಸಿದರೆ ಇದರ ಔಷಧ ನಮ್ಮ ಅಡುಗೆ ಮನೆಯ ಡಬ್ಬಿಯಲ್ಲೇ ಇದೆ.

ಏನಿದು ಲೋ ಶುಗರ್?

ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಲ್ಲಿ 100 ಮಿ.ಲೀ. ರಕ್ತದಲ್ಲಿ ಗ್ಲೂಕೋಸ್ 70 ಮಿ.ಗ್ರಾಂ.ಗಿಂತ ಕೆಳಗಿಳಿದರೆ ಅದನ್ನು ಲೋ ಶುಗರ್ ಎನ್ನುತ್ತಾರೆ. ವೈದ್ಯರ ಭಾಷೆಯಲ್ಲಿ ಹೈಪೋಗ್ಲೈಸೀಮಿಯಾ. 54ಕ್ಕಿಂತ ಕೆಳಗಿಳಿದರೆ ಅದು ಗಂಭೀರ ಸ್ಥಿತಿ. ನಮ್ಮ ಮೆದುಳು ತನ್ನ ಕೆಲಸಕ್ಕೆ ಮುಖ್ಯವಾಗಿ ಗ್ಲೂಕೋಸನ್ನೇ ಅವಲಂಬಿಸಿದೆ. ಅದನ್ನು ಕೂಡಿಟ್ಟುಕೊಳ್ಳುವ ಉಗ್ರಾಣ ಮೆದುಳಿನಲ್ಲಿ ಇಲ್ಲವೆಂದೇ ಹೇಳಬಹುದು. ಆದ್ದರಿಂದ ರಕ್ತದಲ್ಲಿ ಸಕ್ಕರೆ ಇಳಿದೊಡನೆ ಮೊದಲು ತೊಂದರೆಗೀಡಾಗುವುದು ಮೆದುಳು.

ಆಗ ದೇಹ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಕೈಕಾಲು ನಡುಕ, ತಣ್ಣನೆಯ ಬೆವರು, ಎದೆ ಬಡಿತ, ತೀವ್ರ ಹಸಿವು, ತುಟಿಯ ಸುತ್ತ ಜುಮುಗುಟ್ಟುವಿಕೆ ಇವು ಮೊದಲ ಲಕ್ಷಣಗಳು. ಅಲ್ಲಿಗೂ ಸಕ್ಕರೆ ಸಿಗದಿದ್ದರೆ ಕಣ್ಣು ಮಂಜಾಗುವುದು, ತಲೆಸುತ್ತು, ಮಾತು ತೊದಲುವುದು, ಕಾರಣವಿಲ್ಲದ ಕೋಪ, ಗೊಂದಲ, ಕೊನೆಗೆ ಫಿಟ್ಸ್ ಅಥವಾ ಪ್ರಜ್ಞಾಹೀನತೆ. ರಾತ್ರಿ ನಿದ್ದೆಯಲ್ಲೂ ಇದು ಬರಬಹುದು. ಕೆಟ್ಟ ಕನಸು, ಬೆವರಿನಿಂದ ಒದ್ದೆಯಾದ ಬಟ್ಟೆ, ಬೆಳಗ್ಗೆ ಏಳುವಾಗ ತಲೆನೋವು ಇದ್ದರೆ ಅನುಮಾನಿಸಿ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಬಹಳ ವರ್ಷಗಳಿಂದ ಮಧುಮೇಹ ಇರುವವರಲ್ಲಿ ಮತ್ತು ಪದೇ ಪದೇ ಸಕ್ಕರೆ ಇಳಿಯುವವರಲ್ಲಿ ಈ ಗಂಟೆ ಸರಿಯಾಗಿ ಬಾರಿಸದೇ ಹೋಗಬಹುದು. ನಡುಕವಿಲ್ಲದೆ ನೇರವಾಗಿ ಗೊಂದಲಕ್ಕೆ ಜಾರುತ್ತಾರೆ. ರಕ್ತದೊತ್ತಡಕ್ಕೆ ಕೊಡುವ ‘ಬೀಟಾ ಬ್ಲಾಕರ್’ ಗುಂಪಿನ ಮಾತ್ರೆಗಳೂ ನಡುಕ ಮತ್ತು ಎದೆ ಬಡಿತವನ್ನು ಮರೆಮಾಚುತ್ತವೆ. ಬೆವರು ಮಾತ್ರ ಬರುತ್ತದೆ. ಆದುದರಿಂದ ಮನೆಯ ಮಧುಮೇಹಿ ಹಿರಿಯರ ವರ್ತನೆ ಹಠಾತ್ತನೆ ಬದಲಾದರೆ ಮುನಿಸಿಕೊಳ್ಳುವ ಮೊದಲು ಒಮ್ಮೆ ಬೆರಳು ಚುಚ್ಚಿ ನೋಡಿ.

ಇಳಿಯುವುದೇಕೆ?

ಸಕ್ಕರೆ ಕಾಯಿಲೆಯ ಎಲ್ಲ ಮಾತ್ರೆಗಳೂ ಸಕ್ಕರೆಯನ್ನು ಇಷ್ಟು ಕೆಳಗಿಳಿಸುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಇದು ಅಪರೂಪ. ಆದರೆ ಇನ್ಸುಲಿನ್ ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್‌ನಂತಹ ಮಾತ್ರೆಗಳು ಊಟ ಸಿಗದಿದ್ದರೂ ತಮ್ಮ ಕೆಲಸ ಮಾಡುತ್ತವೆ. ನಮ್ಮ ಮಾತ್ರೆಯ ಹಾಳೆಯಲ್ಲಿ ಇವುಗಳಲ್ಲಿ ಯಾವುದಿದೆ ಎಂದು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳುವುದು ಮೊದಲ ಹೆಜ್ಜೆ. ಒಂದೇ ಮಾತ್ರೆಯಲ್ಲಿ ಎರಡು ಔಷಧಗಳು ಸೇರಿರುವುದು ಈಗ ಸಾಮಾನ್ಯ.

ಊಟ ತಪ್ಪುವುದು ಅಥವಾ ತಡವಾಗುವುದು, ಎಂದಿಗಿಂತ ಹೆಚ್ಚು ದುಡಿಯುವುದು, ವಾಂತಿ ಭೇದಿಯಾಗಿದ್ದರೂ ಎಂದಿನಂತೆ ಪೂರ್ತಿ ಔಷಧ ತೆಗೆದುಕೊಳ್ಳುವುದು, ಮಾತ್ರೆ ನುಂಗಿದ್ದು ಮರೆತು ಮತ್ತೊಮ್ಮೆ ನುಂಗುವುದು ಇವೆಲ್ಲ ಕಾರಣಗಳು. ಮೂತ್ರಪಿಂಡ ದುರ್ಬಲವಾದವರ ದೇಹದಲ್ಲಿ ಔಷಧ ಹೆಚ್ಚು ಹೊತ್ತು ಉಳಿಯುತ್ತದೆ. ಮಾತ್ರೆಯ ಜೊತೆಗೆ ಯಾರೋ ಹೇಳಿದರೆಂದು ಹಾಗಲಕಾಯಿ ರಸ, ಮದ್ದಿನ ಪುಡಿ ಸೇವಿಸುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು.

ಇನ್ಸುಲಿನ್ ಚುಚ್ಚಿಕೊಳ್ಳುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಎರಡು ಶಕ್ತಿಯಲ್ಲಿ ಸಿಗುತ್ತದೆ, ಒಂದು ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜುಗಳೂ ಎರಡು ಬಗೆ. 100ರ ಇನ್ಸುಲಿನನ್ನು 40ರ ಸಿರಿಂಜಿನಲ್ಲಿ ತೆಗೆದರೆ ದೇಹಕ್ಕೆ ಹೋಗುವುದು ಎರಡೂವರೆ ಪಟ್ಟು ಹೆಚ್ಚು! ಅಂಗಡಿಯಿಂದ ತಂದಾಗಲೆಲ್ಲ ಬಾಟಲಿಯ ಅಂಕಿಯೂ ಸಿರಿಂಜಿನ ಅಂಕಿಯೂ ಒಂದೇ ಇದೆಯೇ ಎಂದು ನೋಡಿ.

ತಕ್ಷಣ ಏನು ಮಾಡಬೇಕು?

‘15-15’ ಎಂಬುದನ್ನು ನೆನಪಿಟ್ಟುಕೊಳ್ಳಿ. ಎಚ್ಚರವಿದ್ದು ನುಂಗಲು ಸಾಧ್ಯವಿರುವವರಿಗೆ ಸುಮಾರು 15 ಗ್ರಾಂ ಸಕ್ಕರೆ ಕೊಡಿ. ಅಂದರೆ, ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. ಇಲ್ಲವೇ ಒಂದು ದೊಡ್ಡ ಚಮಚ ಜೇನು ಅಥವಾ ಅರ್ಧ ಲೋಟ ಸಿಹಿ ಹಣ್ಣಿನ ರಸ. 15 ನಿಮಿಷ ಕಳೆದು ಮತ್ತೆ ಪರೀಕ್ಷಿಸಿ. 70 ದಾಟಿಲ್ಲವಾದರೆ ಅಷ್ಟನ್ನೇ ಮತ್ತೊಮ್ಮೆ ಕೊಡಿ. ಎರಡು ಮೂರು ಸಲ ಕೊಟ್ಟರೂ ಏರದಿದ್ದರೆ ಆಸ್ಪತ್ರೆಗೆ ಹೊರಡಿ. ಸುಧಾರಿಸಿದ ಮೇಲೆ ಮುಂದಿನ ಊಟಕ್ಕೆ ತಡವಿದ್ದರೆ ಒಂದು ಚಪಾತಿ ಅಥವಾ ಹಾಲಿನೊಂದಿಗೆ ಮೂರು ನಾಲ್ಕು ಬಿಸ್ಕತ್ತು ತಿನ್ನಿಸಿ. ಗ್ಲುಕೋಮೀಟರ್ ಇಲ್ಲವೆಂದು ಕಾಯಬೇಡಿ. ಲಕ್ಷಣ ಕಂಡರೆ ಮೊದಲು ಸಕ್ಕರೆ, ಆಮೇಲೆ ಪರೀಕ್ಷೆ.

ಸಾಮಾನ್ಯವಾಗಿ ಆಗುವ ತಪ್ಪುಗಳು ಇವು:

* ಚಾಕಲೇಟ್, ಐಸ್‌ಕ್ರೀಮ್, ಲಡ್ಡು ಕೊಡುವುದು. ಇವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡ ಮಾಡುತ್ತದೆ.

* ‘ಶುಗರ್ ಫ್ರೀ’ ಹಾಕಿದ ಚಹಾ ಕೊಡುವುದು. ಅದರಲ್ಲಿ ಸಿಹಿ ಇದೆ, ಸಕ್ಕರೆ ಇಲ್ಲ. ಮನೆಯಲ್ಲಿ ಮಧುಮೇಹಿಗಳಿದ್ದಾರೆಂದು ಸಕ್ಕರೆ ಡಬ್ಬಿಯನ್ನೇ ಹೊರಗೆ ಹಾಕಬೇಡಿ.

* ಭಯದಿಂದ ಸಿಕ್ಕಿದ್ದನ್ನೆಲ್ಲ ತಿನ್ನಿಸುವುದು. ಎರಡು ಗಂಟೆಯ ನಂತರ ಸಕ್ಕರೆ 300 ದಾಟುತ್ತದೆ!

* ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಾಮಾನ್ಯ ಸಕ್ಕರೆ ಕೊಡುವುದು. ಆ ಮಾತ್ರೆಗಳು ಸಕ್ಕರೆ ಜೀರ್ಣವಾಗುವುದನ್ನೇ ತಡೆಯುತ್ತವೆ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ನೀರನ್ನಾಗಲಿ ಸಕ್ಕರೆಯನ್ನಾಗಲಿ ಹಾಕಲೇಬಾರದು. ಅದು ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಬಹುದು. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ. ವೈದ್ಯರು ಗ್ಲುಕಗಾನ್ ಚುಚ್ಚುಮದ್ದು ಮನೆಯಲ್ಲಿಡಲು ಹೇಳಿದ್ದರೆ, ಕಲಿಸಿಕೊಟ್ಟಂತೆ ಕೊಡಿ. ಮಾತ್ರೆಯಿಂದ ಸಕ್ಕರೆ ತೀರಾ ಇಳಿದ ವಯಸ್ಸಾದವರು ಒಮ್ಮೆ ಚೇತರಿಸಿಕೊಂಡರೂ ಕೆಲವು ಗಂಟೆಗಳ ನಂತರ ಮತ್ತೆ ಕುಸಿಯಬಹುದು. ವೈದ್ಯರು ಒಂದು ದಿನ ಆಸ್ಪತ್ರೆಯಲ್ಲಿರಲು ಹೇಳಿದರೆ ಒತ್ತಾಯಿಸಿ ಮನೆಗೆ ಕರೆತರಬೇಡಿ.

ಊಟದಲ್ಲಿ ಶಿಸ್ತು

ಸಕ್ಕರೆ ಇಳಿಯದಂತೆ ನೋಡಿಕೊಳ್ಳಲು ದುಬಾರಿ ಆಹಾರ ಬೇಡ, ಹೊತ್ತು ತಪ್ಪದ ಆಹಾರ ಬೇಕು. ತಿಂಡಿ ಸಿದ್ಧವಾಗಿ ತಟ್ಟೆ ಮುಂದೆ ಬರುವವರೆಗೆ ಮಾತ್ರೆಯನ್ನಾಗಲಿ ಇನ್ಸುಲಿನನ್ನಾಗಲಿ ಮುಟ್ಟಬೇಡಿ. ಹಗಲಲ್ಲಿ ನಾಲ್ಕೈದು ಗಂಟೆಗಿಂತ ಹೆಚ್ಚು ಹೊತ್ತು ಹೊಟ್ಟೆ ಖಾಲಿ ಬಿಡಬೇಡಿ. ನಡುವೆ ಒಂದು ಹಿಡಿ ಹುರಿಗಡಲೆ, ಒಂದು ಪೇರಳೆ ಹಣ್ಣು ಅಥವಾ ಒಂದು ಲೋಟ ಮಜ್ಜಿಗೆ ಸಾಕು.

ಬರೀ ಬಿಳಿ ಅನ್ನದ ಗಂಜಿ, ಬರೀ ನೀರ್‌ದೋಸೆ ಸಕ್ಕರೆಯನ್ನು ಬೇಗ ಏರಿಸಿ ಬೇಗ ಇಳಿಸುತ್ತವೆ. ಅದರ ಜೊತೆಗೆ ಹೆಸರುಕಾಳು, ಕಡಲೆ, ಮೊಟ್ಟೆ ಅಥವಾ ಮೀನು ಸೇರಿದರೆ ಸಕ್ಕರೆ ನಿಧಾನವಾಗಿ, ಹೆಚ್ಚು ಹೊತ್ತು ಒದಗುತ್ತದೆ. ತರಕಾರಿ, ಸೊಪ್ಪುಗಳ ನಾರೂ ಇದಕ್ಕೆ ನೆರವಾಗುತ್ತದೆ. ಸಕ್ಕರೆ ಬೇಗ ಇಳಿಸಬೇಕೆಂಬ ಉತ್ಸಾಹದಲ್ಲಿ ರಾತ್ರಿಯೂಟ ಬಿಡುವವರಿದ್ದಾರೆ. ಔಷಧದ ಪ್ರಮಾಣ ಬದಲಿಸದೆ ಊಟ ಬಿಡುವುದು ಅಪಾಯವನ್ನು ಕರೆದಂತೆ.

ಮಧುಮೇಹವಿಲ್ಲದ ಕೆಲವರಿಗೂ ಊಟವಾದ ಎರಡರಿಂದ ನಾಲ್ಕು ಗಂಟೆಯೊಳಗೆ ನಡುಕ, ಬೆವರು ಬರುವುದುಂಟು. ಖಾಲಿ ಹೊಟ್ಟೆಗೆ ಸಿಹಿ ತಿನ್ನದಿರುವುದು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವುದು ಅವರಿಗೆ ಹಿತ. ಆದರೆ ಎಲ್ಲ ಸುಸ್ತೂ ಲೋ ಶುಗರ್ ಅಲ್ಲ. ರಕ್ತಹೀನತೆಯೂ ಇರಬಹುದು, ಥೈರಾಯ್ಡ್ ತೊಂದರೆಯೂ ಇರಬಹುದು. ಲಕ್ಷಣವಿರುವಾಗಲೇ ರಕ್ತ ಪರೀಕ್ಷಿಸಿದರೆ ಮಾತ್ರ ಗೊತ್ತಾಗುತ್ತದೆ.

ನಡೆಯಿರಿ, ಆದರೆ ಲೆಕ್ಕವಿಟ್ಟು ನಡೆಯಿರಿ

ಮಧುಮೇಹಿಗಳಿಗೆ ನಡಿಗೆ ಒಳ್ಳೆಯದೇ. ದುಡಿಯುವ ಸ್ನಾಯುಗಳು ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಈ ಪರಿಣಾಮ ನಡಿಗೆ ಮುಗಿದೊಡನೆ ನಿಲ್ಲುವುದಿಲ್ಲ, 24 ಗಂಟೆಯವರೆಗೂ ಇರಬಹುದು. ಸಂಜೆ ಹೆಚ್ಚು ಶ್ರಮಪಟ್ಟವರಿಗೆ ನಡುರಾತ್ರಿ ಸಕ್ಕರೆ ಇಳಿಯುವುದು ಈ ಕಾರಣದಿಂದ.

ಇನ್ಸುಲಿನ್ ಅಥವಾ ಮೇಲೆ ಹೇಳಿದ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ದೂರ ನಡೆಯಬಾರದು. ಹೊರಡುವ ಮುನ್ನ ಸಕ್ಕರೆ 90ಕ್ಕಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ. ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು ಕೂಡಲೇ ನಡೆಯತೊಡಗಿದರೆ ಅದು ರಕ್ತಕ್ಕೆ ಬೇಗ ಸೇರುತ್ತದೆ. ಊಟದ ನಂತರದ ನಡಿಗೆ ಹೆಚ್ಚು ಸುರಕ್ಷಿತ. ಪರ್ಸಿನಲ್ಲಿ ಗ್ಲೂಕೋಸ್ ಪೊಟ್ಟಣವಿರಲಿ. ತನಗೆ ಮಧುಮೇಹವಿದೆ ಎಂದು ಬರೆದ ಚೀಟಿಯೂ ಇರಲಿ. ಮದುವೆ ಮನೆಯ ಓಡಾಟ, ಹಬ್ಬದ ಮುನ್ನಾ ದಿನದ ಮನೆ ಸ್ವಚ್ಛತೆ, ಕಂಬಳಿ ಒಗೆಯುವುದು ಇವೂ ವ್ಯಾಯಾಮವೇ! ಆ ದಿನ ನಡುವೆ ಎರಡು ಸಲ ಏನಾದರೂ ತಿನ್ನಲೇಬೇಕು.

ರಮಝಾನ್ ಬಂದಾಗ

ರಮಝಾನ್‌ನಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. 2001ರಲ್ಲಿ 13 ದೇಶಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಮಧುಮೇಹಿಗಳ ಅಧ್ಯಯನ ನಡೆಯಿತು. ಗಂಭೀರ ಲೋ ಶುಗರ್‌ನ ಪ್ರಕರಣಗಳು ಆ ತಿಂಗಳಲ್ಲಿ ಟೈಪ್ 1 ಮಧುಮೇಹಿಗಳಲ್ಲಿ 4.7 ಪಟ್ಟು, ಟೈಪ್ 2 ಮಧುಮೇಹಿಗಳಲ್ಲಿ 7.5 ಪಟ್ಟು ಹೆಚ್ಚಿದ್ದು ಅದರಲ್ಲಿ ಕಂಡುಬಂತು.

ಆದ್ದರಿಂದ ರಮಝಾನ್‌ಗೆ ಆರರಿಂದ ಎಂಟು ವಾರ ಮುಂಚೆಯೇ ವೈದ್ಯರನ್ನು ಕಾಣಿ. ಉಪವಾಸ ಹಿಡಿಯಬಹುದೇ, ಔಷಧದ ಪ್ರಮಾಣ ಮತ್ತು ಹೊತ್ತನ್ನು ಹೇಗೆ ಬದಲಿಸಬೇಕು ಎಂಬುದನ್ನು ಅವರೇ ಹೇಳಲಿ. ಸಹ್ರಿಯನ್ನು ಬಿಡಬೇಡಿ, ಅದನ್ನು ಆದಷ್ಟು ಕೊನೆಯ ಹೊತ್ತಿನಲ್ಲಿ ಉಣ್ಣಿ. ಇಫ್ತಾರನ್ನು ತಡ ಮಾಡಬೇಡಿ. ತರಾವೀಹ್ ನಮಾಝ್ ಕೂಡಾ ದೇಹಕ್ಕೆ ಶ್ರಮವೇ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅಸರ್ ನಂತರದ ಹೊತ್ತು ಹೆಚ್ಚು ಜಾಗ್ರತೆಯದ್ದು. ಅಡುಗೆ ಮನೆಯಲ್ಲಿ ಬೆಂಕಿಯ ಮುಂದೆ ನಿಂತ ಹೆಂಗಸರಿಗಂತೂ ಇನ್ನೂ ಹೆಚ್ಚು.

ಬೆರಳು ಚುಚ್ಚಿ ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಮಗ್ರಿಬ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಉಪವಾಸ ಮುರಿಯಬೇಕೆಂದು ವೈದ್ಯರು ಹೇಳುತ್ತಾರೆ. 300 ದಾಟಿದರೂ ಹಾಗೆಯೇ. ಕಾಯಿಲೆಯವರಿಗೆ ಅಲ್ಲಾಹನು ಕುರ್‌ಆನ್‌ನಲ್ಲಿ ರಿಯಾಯಿತಿ ನೀಡಿದ್ದಾನೆ. ಅವನು ಕೊಟ್ಟ ಅನುಕೂಲವನ್ನು ಬಳಸಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಕೊನೆಯದಾಗಿ ಒಂದು ಮಾತು

ಪದೇ ಪದೇ ಸಕ್ಕರೆ ಇಳಿಯುತ್ತಿದ್ದರೆ ಸಿಹಿ ತಿಂದು ಸುಮ್ಮನಾಗಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟಿತ್ತು, ಅಂದು ಏನು ತಿಂದಿದ್ದಿರಿ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಹೆಚ್ಚಾಗಿ ಔಷಧ ಕಡಿಮೆ ಮಾಡುವುದೇ ಪರಿಹಾರವಾಗಿರುತ್ತದೆ. ವಯಸ್ಸಾದವರಲ್ಲಿ ಸಕ್ಕರೆಯನ್ನು ತೀರಾ ಬಿಗಿಯಾಗಿ ಹಿಡಿಯುವ ಅಗತ್ಯವಿಲ್ಲ. ಆದರೆ ನೀವಾಗಿಯೇ ಔಷಧ ನಿಲ್ಲಿಸಬೇಡಿ.

ಸಹೋದರಿಯರೇ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದು ನಮ್ಮ ಮನೆಗಳ ಹಳೆಯ ರೂಢಿ. ಅದರಲ್ಲಿ ಪ್ರೀತಿಯಿದೆ, ನಿಜ. ಆದರೆ ಮಾತ್ರೆ ನುಂಗಿದ ಹೊಟ್ಟೆಗೆ ಆ ಪ್ರೀತಿ ಅರ್ಥವಾಗುವುದಿಲ್ಲ. ನಾಳೆ ಬೆಳಗ್ಗೆ ಮೊದಲ ರೊಟ್ಟಿ ಕಾವಲಿಯಿಂದ ಇಳಿದಾಗ, ಮಾತ್ರೆ ತೆಗೆದುಕೊಳ್ಳುವ ಉಮ್ಮನನ್ನೋ ಅತ್ತೆಯನ್ನೋ ಮೊದಲು ಕರೆದು ಕುಳ್ಳಿರಿಸಿ. ಮಾತ್ರೆ ನುಂಗುವವರು ನೀವೇ ಆಗಿದ್ದರೆ, ಮೊದಲ ರೊಟ್ಟಿ ನಿಮ್ಮದೇ!